ಬಿಳಿಕಲ್ಲಾದ ಹೊಗೆಹಾವು

ಬಹಳ ಬಹಳ ಹಿಂದೆ, ಆಕಾಶಕ್ಕೆ ಬಣ್ಣವೇ ಇಲ್ಲದ ಒಂದು ರಾಜ್ಯವಿತ್ತು. ಮಾಟಗಾರ ಧೂಮಾಂಗ ಸಾಕಿದ ಹೊಗೆಹಾವು ಅಲ್ಲಿ ಸೂರ್ಯನನ್ನು ಸುತ್ತಿಕೊಂಡು ಮಲಗಿತ್ತು. ಒಲೆ ಉರಿದಷ್ಟೂ, ಹೊಲದ ಹುಲ್ಲು ಸುಟ್ಟಷ್ಟೂ ಅದು ಕೊಬ್ಬುತ್ತಿತ್ತು. ಒಲೆ ಹಚ್ಚಬಾರದೆಂದು ರಾಜ ಡಂಗುರ ಹೊಡೆಸಿದ. ಜನ ಹಸಿ ಹಿಟ್ಟು ನೆಕ್ಕಿದರು. ಹಾವು ಮಾತ್ರ ಕರಗಲಿಲ್ಲ.

ಕುಂಬಾರಗಿತ್ತಿ ಮಲ್ಲಾಜಿಯ ಆರು ತಿಂಗಳ ಕೂಸಿಗೆ ಉಸಿರು ಕಟ್ಟುತ್ತಿತ್ತು. ಅಳುವುದಕ್ಕೂ ಅದಕ್ಕೆ ಶಕ್ತಿಯಿರಲಿಲ್ಲ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಅವಳು ಕೆರೆಗೆ ಹೋದಳು. ಅಲ್ಲಿ ಆನೆಯಷ್ಟು ದೊಡ್ಡ ಬಸವನಹುಳು ಮಲಗಿತ್ತು.

"ಅಜ್ಜಾ, ನಿನ್ನ ಚಿಪ್ಪು ಇಷ್ಟು ಬೆಳ್ಳಗಿದೆಯಲ್ಲ, ಹೊಗೆ ತಾಗಲಿಲ್ಲವೇ?"

"ಇದೂ ಹೊಗೆಯ ಉಸಿರೇ, ಮಗಳೇ. ನೀರಿನಲ್ಲಿ ಸುಣ್ಣದ ಜೊತೆ ಕೂಡಿಸಿ ಕಲ್ಲು ಮಾಡಿಕೊಂಡೆ. ನೀನೂ ಮಾಡು. ದೊಡ್ಡ ಗುಡಾಣದಲ್ಲಿ ಹುಲ್ಲು, ಹೊಟ್ಟು ತುಂಬು. ಆ ವಾಸನೆಗೆ ಹಾವು ಒಳಗೆ ಇಳಿಯುತ್ತದೆ. ಬಾಯಿ ಮುಚ್ಚಿ ಮಣ್ಣು ಮೆತ್ತು, ಅಡಿಯಲ್ಲಿ ಕೆಂಡ ಹಾಕು. ಆವಿ ಬಿದಿರ ಕೊಳವೆಯಲ್ಲಿ ಹರಿದು, ಸುಣ್ಣದ ತಿಳಿನೀರಿನಲ್ಲಿ ಮುಳುಗಿ ಆಚೆ ಬರಲಿ. ಆಚೆ ತುದಿಯಲ್ಲಿ ನೀಲಿ ಉರಿ ಏಳುವವರೆಗೆ ಮುಚ್ಚಳ ತೆಗೆಯಬೇಡ."

"ಅಡುಗೆ ಮಾಡುವವಳಿಗೆ ಮುಚ್ಚಳ ತೆಗೆಯಬೇಡ ಅಂತೀಯಲ್ಲ, ನೀನು ಗಂಡಸೇ ಸರಿ!" ಎಂದಳು ಮಲ್ಲಾಜಿ.

ಆದರೂ ಹೇಳಿದಂತೆಯೇ ಮಾಡಿದಳು. ಹಾವು ಮೆಲ್ಲಗೆ, ನಿದ್ದೆಯಲ್ಲಿ ನಡೆದಂತೆ, ಗುಡಾಣಕ್ಕೆ ಇಳಿಯಿತು. ಅವಳು ಗುಡಾಣದ ಬಾಯಿಗೆ ಮುಚ್ಚಳವಿಟ್ಟು ಮಣ್ಣು ಮೆತ್ತಿ, ಅಡಿಯಲ್ಲಿ ಕೆಂಡ ಹಾಕಿದಳು. ತಿಳಿನೀರು ಗುಳುಗುಳು ಎಂದಿತು.

ಧೂಮಾಂಗ ರಾಜನ ವೇಷದಲ್ಲಿ ಬಂದ. "ಮುಚ್ಚಳ ತೆಗೆ, ಇದು ನನ್ನ ಆಜ್ಞೆ!"

"ಹಸಿ ಹಿಟ್ಟು ತಿನ್ನಿಸಿದ ದೊರೆಗಳೇ, ಕಾಯಿರಿ. ಬಡಿಸುವಾಗ ಕರೆಯುತ್ತೇನೆ."

ಅವನು ಅತ್ತೆಯ ವೇಷದಲ್ಲಿ ಬಂದ. "ಏನೇ, ತಳ ಹಿಡಿದ ವಾಸನೆ! ಒಮ್ಮೆ ತೆಗೆದು ನೋಡಬಾರದೇ?"

ಮಲ್ಲಾಜಿಯ ಕೈ ತಾನಾಗಿ ಮುಚ್ಚಳಕ್ಕೆ ಹೋಯಿತು. ಮಣ್ಣು ಬಿರಿದು ಒಂದೆಳೆ ಹೊಗೆ ನುಸುಳಿತು. ಕೂಸು ಕೆಮ್ಮಿ ಬೆನ್ನಿನ ಮೇಲೆ ಜೋತುಬಿತ್ತು. ಅವಳು ಬೆಚ್ಚಿ ಹಸಿ ಮಣ್ಣು ಬಡಿದಳು. "ತಳ ಹಿಡಿದದ್ದನ್ನು ನಾನೇ ತಿನ್ನುತ್ತೇನೆ ಅತ್ತೆಮ್ಮಾ, ನೀವು ನಡೆಯಿರಿ!"

ಮೂರನೆಯ ಸಲ ಅವನು ಗುಡಾಣದೊಳಗಿಂದಲೇ ಕೂಸಿನ ದನಿ ಹೊರಡಿಸಿದ. "ಅವ್ವಾ, ನಾನು ಒಳಗಿದ್ದೇನೆ. ಉಸಿರು ಕಟ್ಟಿದೆ, ಬಿಡಿಸವ್ವಾ."

ಬೆನ್ನ ಮೇಲೆ ಕೂಸು ಮಿಸುಕಲಿಲ್ಲ. ಮಲ್ಲಾಜಿಯ ಎದೆಹಾಲು ತಾನಾಗಿ ಸುರಿಯಿತು. ಅವಳು ಎರಡೂ ಕೈಯಿಂದ ಮುಚ್ಚಳ ಒತ್ತಿಹಿಡಿದು ಕೂಗಿದಳು: "ಆರು ತಿಂಗಳ ಕೂಸಿಗೆ ಇಷ್ಟು ಮಾತು ಬರುತ್ತದೇನೋ ದಡ್ಡಾ? ನೀನು ಒಂದು ಮಗುವನ್ನಾದರೂ ಸಾಕಿದ್ದೀಯಾ?"

ಆಗ ಕೊಳವೆಯ ತುದಿಯಲ್ಲಿ ನೀಲಿ ಉರಿ ಅರಳಿತು. ತಿಳಿನೀರು ಹಾಲಾಯಿತು. ಹಾವು ಸುರುಳಿ ಸುರುಳಿಯಾಗಿ ಬಿಳಿಕಲ್ಲಾಗಿ ತಳಕ್ಕೆ ಕೂತಿತು. ಹೊಗೆಯಲ್ಲೇ ನೇಯ್ದಿದ್ದ ಧೂಮಾಂಗನ ಮೈ ಎಳೆಎಳೆಯಾಗಿ ಬಿಚ್ಚಿ, ಅದೂ ಕಲ್ಲಾಯಿತು.

ಮೇಲೆ ಆಕಾಶ ನೀಲಿಯಾಯಿತು. ಜನ ಆ ನೀಲಿ ಉರಿಯನ್ನು ಹಚ್ಚಿಕೊಂಡು ಹೋದರು; ಮನೆಮನೆಯಲ್ಲೂ ಅದರ ಮೇಲೆ ಅನ್ನ ಬೆಂದಿತು. ಕೂಸು ಉದ್ದಕ್ಕೆ ಉಸಿರೆಳೆದು, ಏಳು ಊರಿಗೆ ಕೇಳುವಂತೆ ಕಿರುಚಿ ಅತ್ತಿತು. ರಾಜ್ಯವೆಲ್ಲ ನಕ್ಕಿತು. ಮಲ್ಲಾಜಿ ಮಾತ್ರ ಅದನ್ನು ಸುಮ್ಮನಾಗಿಸಲಿಲ್ಲ, ಕೇಳುತ್ತಾ ಕೂತಳು.