‘ಇಲ್ಲ’ ಎಂಬ ಚೌಕ

ಸೈನ್ಯಾಧಿಕಾರಿಯ ಆಯ್ಕೆಗೆ ತುಂಬಬೇಕಾದ ಹಾಳೆಯಲ್ಲಿ ಒಂದು ಪ್ರಶ್ನೆಯಿತ್ತು: ಹಿಂದೆ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದದ್ದುಂಟೇ? ಎದುರಿಗೆ ಎರಡೇ ಚೌಕ. ಹೌದು, ಇಲ್ಲ. ‘ಇತ್ತು, ವಾಸಿಯಾಯಿತು’ ಅನ್ನುವವನಿಗೆ ಅಲ್ಲಿ ಜಾಗವಿರಲಿಲ್ಲ. ದೇವರಾದರೂ ಇಷ್ಟು ಕಠಿಣನಲ್ಲ ಎಂದುಕೊಂಡ ಗಂಗೊಳ್ಳಿಯ ಸುಜನ್. ಲಿಖಿತ ಪರೀಕ್ಷೆ ಪಾಸಾಗಿತ್ತು. ವಯಸ್ಸಿನ ಮಿತಿಯಲ್ಲಿ ಇದೇ ಕೊನೆಯ ಸಲ.

ಏಳು ವರ್ಷದ ಹಿಂದೆ, ಎರಡು ಸಾವಿರದ ಮೂರರಲ್ಲಿ, ಅಣ್ಣ ಪಾಂಡುವಿನ ದೋಣಿ ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ಮಗುಚಿ ಅವನು ತೀರಿಕೊಂಡಿದ್ದ. ಹದಿನೇಳರ ಸುಜನ್ ಆಮೇಲೆ ಐದು ತಿಂಗಳು ಮಾತಾಡಲಿಲ್ಲ. ಅಣ್ಣ ಕರೆಯುವುದೊಂದೇ ಅವನಿಗೆ ಕೇಳುತ್ತಿತ್ತು. ಕುಂದಾಪುರದ ಡಾಕ್ಟರೊಬ್ಬರ ಮದ್ದಿನಿಂದ ವರ್ಷದೊಳಗೆ ಸರಿಹೋದ.

ಆ ಡಾಕ್ಟರು ಈಗಿಲ್ಲ. ಅವರ ಮಗ ಅದೇ ಕಟ್ಟಡದಲ್ಲಿ ಚರ್ಮರೋಗ ನೋಡುತ್ತಾನೆ. ಹಳೆಯ ಕಡತಗಳೆಲ್ಲ ಹಿಂದಿನ ಕೋಣೆಯ ಕಪಾಟಿನಲ್ಲಿವೆ. ಸುಜನ್ ಇಲ್ಲದ ತುರಿಕೆಗೆ ಮುಲಾಮು ಕೇಳಿಕೊಂಡು ಮೂರು ಗುರುವಾರ ಹೋದ. ಕೌಂಟರಿನ ವನಜ ಒಂದು ಗಂಟೆಗೆ ಬುತ್ತಿ ಬಿಚ್ಚಿದರೆ ಅರ್ಧ ಗಂಟೆ ತಲೆಯೆತ್ತುವುದಿಲ್ಲ ಎಂದು ಕಂಡುಕೊಂಡ. ನಾಲ್ಕನೆಯ ಗುರುವಾರ ತನ್ನ ಕಡತ ಎತ್ತಿದ. ಖಾಲಿ ಜಾಗ ಕಣ್ಣಿಗೆ ಬೀಳದಂತೆ ಅದೇ ಸಂಖ್ಯೆ ಬರೆದ ಬೇರೊಂದು ಕಡತ ತುರುಕಿದ. ಅದಕ್ಕೆ ಹುಟ್ಟದೇ ಇದ್ದ ಒಬ್ಬ ರೋಗಿಯ ಹೆಸರನ್ನೂ ಕೊಟ್ಟಿದ್ದ.

ಕಡತದ ಕೊನೆಯ ಹಾಳೆಯಲ್ಲಿ ಡಾಕ್ಟರು ಬರೆದಿದ್ದರು: ಪೂರ್ಣ ಗುಣ, ಯಾವ ಕೆಲಸಕ್ಕೂ ಅಡ್ಡಿಯಿಲ್ಲ. ಸುಜನ್ ಎರಡು ಸಲ ಓದಿದ. ವಾಸಿಯಾಯಿತೆಂಬ ಸಾಕ್ಷಿಯೇ ಕಾಯಿಲೆ ಇತ್ತೆಂಬುದಕ್ಕೂ ಸಾಕ್ಷಿ. ಅದನ್ನೂ ಬಚ್ಚಲ ಒಲೆಗೆ ಹಾಕಿದ.

ಊರಿನವರ ಚಿಂತೆ ಇರಲಿಲ್ಲ. ಆ ವರ್ಷ ಅವನು ಬೊಂಬಾಯಿಯಲ್ಲಿ ಸೂರಮಾವನ ಹೋಟೆಲಿನಲ್ಲಿದ್ದನೆಂದೇ ಎಲ್ಲರೂ ನಂಬಿದ್ದರು. ಉಳಿದವಳು ತಾಯಿ ಕಮಲ.

“ಅಬ್ಬೇ, ಯಾರಾರೂ ಕೇಂಡ್ರೆ?”

“ಬೊಂಬಾಯಂಗೆ ಇದ್ದಿದ್ದ ಅಂದೇ ಹೇಳ್ತೆ. ಏಳ್ ವರ್ಷ್‌ದಂಗೆ ಒಬ್ಬ್ ಮನ್ಷಂಗಾರೂ ಬಾಯ್ ಬಿಟ್ಟಿದ್ನಾ ಮಗಾ?”

ಬಿಟ್ಟಿರಲಿಲ್ಲ. ಸುಜನ್ ‘ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿದ. ಐದು ದಿನದ ಸಂದರ್ಶನ ದಾಟಿದ, ವೈದ್ಯಕೀಯ ಪರೀಕ್ಷೆ ದಾಟಿದ. ಉಳಿದದ್ದು ಪೊಲೀಸ್ ವಿಚಾರಣೆ ಮಾತ್ರ.

ಒಂದು ಬೆಳಿಗ್ಗೆ ಹೆಡ್ ಕಾನ್‌ಸ್ಟೇಬಲ್ ಚೆನ್ನಯ್ಯ ಬಂದು ಜಗಲಿಯ ಮೇಲೆ ಕೂತರು. ಪಕ್ಕದ ಮನೆಯ ಭೋಜನನ್ನು ಕರೆದು ಕೇಳಿದರು.

“ಹುಡ್ಗ ಹ್ಯಾಂಗೆ?”

“ಕುಡುದಿಲ್ಲೆ, ಎಲಿ ಹಾಕುದಿಲ್ಲೆ, ಇಸ್ಪೀಟ್ ಗೊತ್ತಿಲ್ಲೆ. ನಮ್ಗೆಲ್ಲ ಅದೇ ಬೇಜಾರ್ ಮಾರಾಯ್ರೇ!”

ಚೆನ್ನಯ್ಯ ನಗುತ್ತ ಬರೆದುಕೊಂಡು ಪೆನ್ನು ಮುಚ್ಚಿ ಜೇಬಿಗಿಟ್ಟರು. “ಹ್ವಾಯ್, ಇನ್ನ್ ನಾವೇ ನಿಂಗೆ ಸಲ್ಯೂಟ್ ಹೊಡಿಕ್ ಕಾಂತ್!”

ಸುಜನ್‌ಗೆ ಏಳು ವರ್ಷದ ಮೇಲೆ ಮೊದಲ ಸಲ ಎದೆ ಹಗುರಾಯಿತು. ಆಗ ಕಮಲ ಒಳಗಿನಿಂದ ಬಂದಳು. ಕೈಯಲ್ಲಿ ಅಂಚಿಗೆ ಅರಸಿನ ಹಚ್ಚಿದ ಕರೆಯೋಲೆ. “ನಮ್ ಮನಿ ಆಟ ಇತ್ತ್. ನೀವೂ ಬರ್ಕ್” ಎಂದು ಚೆನ್ನಯ್ಯನವರ ಕೈಗಿತ್ತಳು. ಕಮಲ ನಡೆದುಕೊಳ್ಳುವ ದೇವಸ್ಥಾನದ ಯಕ್ಷಗಾನ ಮೇಳದಿಂದ ಆಟ ಆಡಿಸುವ ಹರಕೆ ಹೊತ್ತವರು ಅಷ್ಟೊಂದು ಜನ; ಹೆಸರು ಬರೆಸಿದ ಮೇಲೆ ಸರದಿ ಬರಲು ವರ್ಷಗಳೇ ಹಿಡಿಯುತ್ತವೆ. ಮಗನಿಗೆ ವಾಸಿಯಾದ ಹೊಸತರಲ್ಲಿ ಕಮಲ ಬರೆಸಿದ ಆಟಕ್ಕೆ ಸರದಿಯ ಪತ್ರ ಬಂದದ್ದು ಅವನು ಸಂದರ್ಶನಕ್ಕೆ ಹೋಗಿದ್ದಾಗ. ಓದು ಬಾರದ ಅವಳು ಅಂದು ದೇವಸ್ಥಾನದಲ್ಲಿ ಬರೆದುಕೊಟ್ಟಿದ್ದ ಹಳೆಯ ಹರಕೆ ಚೀಟಿಯನ್ನೇ ಬೈಂದೂರಿನ ಪ್ರೆಸ್ಸಿಗೆ ಕಳಿಸಿದ್ದಳು. ಪ್ರೆಸ್ಸಿನವರು ಅದರಲ್ಲಿದ್ದದ್ದನ್ನು ಚಂದವಾಗಿ ಅಚ್ಚು ಹಾಕಿದ್ದರು. ಚೆನ್ನಯ್ಯ ಗಟ್ಟಿಯಾಗಿ ಓದಿದರು: “ಮಗ ಸುಜನನಿಗೆ ಎರಡು ಸಾವಿರದ ಮೂರರಲ್ಲಿ ಬಂದ ಚಿತ್ತಭ್ರಮೆ ಗುಣವಾದ ಬಗ್ಗೆ ಹರಕೆ ಬಯಲಾಟ.” ಇನ್ನೊಂದು ಸಲ ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ಯಾರ ಮುಖವನ್ನೂ ನೋಡದೆ ಜೇಬಿನಿಂದ ಪೆನ್ನು ತೆಗೆದರು.