ವಾಟರ್‌ಫರ್ಡಿನ ಚರ್ಮಪತ್ರ

೨೦೨೩ರ ಮಾರ್ಚ್ ೧೪, ಮಂಗಳವಾರ ಬೆಳಿಗ್ಗೆ ಲಾಸ್ ಏಂಜಲೀಸ್‌ನ ಠಾಣೆಗೆ ದೂರು ಬಂತು. ಖಾಸಗಿ ಗ್ರಂಥಾಲಯವೊಂದರಿಂದ ಏಳುನೂರು ವರ್ಷ ಹಳೆಯ ಚರ್ಮಪತ್ರ ಕಾಣೆಯಾಗಿತ್ತು. ಐರ್ಲೆಂಡಿನ ವಾಟರ್‌ಫರ್ಡ್ ನಗರದ ಒಂದು ಕಲ್ಲುಮನೆಯ ಹಕ್ಕುಪತ್ರ ಅದು. ಕೆಳಗೆ ಮೇಣದ ಮುದ್ರೆ. ಅದನ್ನು ಆಗಲೇ ಒಬ್ಬ ಶ್ರೀಮಂತ ಸಂಗ್ರಾಹಕನಿಗೆ ಮಾರಲಾಗಿತ್ತು. ಶುಕ್ರವಾರ ಅವನ ತಿಜೋರಿ ಸೇರಬೇಕಿತ್ತು.

ತನಿಖೆ ಡಿಟೆಕ್ಟಿವ್ ಸೌಜನ್ಯಾ ಪಾಟೀಲಳ ಪಾಲಿಗೆ ಬಂತು. ಧಾರವಾಡದಿಂದ ಬಂದ ಎಂಜಿನಿಯರ್ ದಂಪತಿಯ ಮಗಳು. ಸಂಗಡ ಆಫೀಸರ್ ರಾಮೋಸ್.

ಸ್ಥಳ ಮಹಜರು ಮಾಡಿದಾಗ ಬೀಗ ಮುರಿದಿರಲಿಲ್ಲ. ಪತ್ರವಿದ್ದ ಪೆಟ್ಟಿಗೆಯಲ್ಲಿ ಅದೇ ಅಳತೆಯ ಖಾಲಿ ಹಾಳೆಯೊಂದಿತ್ತು. ಮುದ್ರೆ ಒಡೆಯದಂತೆ ಕೆಳಗಿಟ್ಟಿದ್ದ ಪುಟ್ಟ ಮೆತ್ತೆಯೂ ಹೋಗಿತ್ತು.

“ಕಳ್ಳ ಇದನ್ನ ಜೋಪಾನ ಮಾಡ್ತಿದಾನೆ,” ಎಂದಳು ಸೌಜನ್ಯಾ. ಗ್ರಂಥಪಾಲಕಿಯ ಕಡೆ ತಿರುಗಿ, “ಕೀಲಿ ಯಾರ ಹತ್ತಿರ ಇತ್ತು?” ಎಂದು ಕೇಳಿದಳು.

“ನನ್ನ ಹತ್ತಿರ. ಇನ್ನೊಂದು ವಾಲಂಟಿಯರ್ ನರಹರಿ ಹತ್ತಿರ.”

“ಅವರು ಈ ಪತ್ರ ಯಾವತ್ತಾದ್ರೂ ಕೇಳಿದ್ರಾ?”

“ಲ್ಯಾಬಿಗೆ ಒಯ್ದು ಫೋಟೋ ತೆಗೀಬೇಕು ಅಂತ ಎರಡು ಸಲ ಕೇಳಿದ್ರು. ಮಾರಾಟ ಆಗಿದೆ, ಆಗಲ್ಲ ಅಂದೆ.”

ನರಹರಿ ಲಾಸ್ ಏಂಜಲೀಸ್ ಪಕ್ಕದ ಎಲ್ ಸೆಗುಂಡೋದಲ್ಲಿ ಉಪಗ್ರಹಗಳ ಕ್ಯಾಮೆರಾ ಮಾಡುತ್ತಿದ್ದು ನಿವೃತ್ತರಾದವರು. ರೆಡೊಂಡೊ ಬೀಚಿನ ಅವರ ಮನೆಯ ಬಾಗಿಲು ತೆರೆದದ್ದು ಮಗಳು ಅಕ್ಷಯಾ. ಅಪ್ಪ ಗೆಳೆಯರೊಬ್ಬರ ಲ್ಯಾಬಿಗೆಂದು ಸ್ಯಾನ್ ಡಿಯೆಗೊಗೆ ಹೋಗಿದ್ದಾರೆ ಎಂದು ಇಂಗ್ಲಿಷಿನಲ್ಲೇ ಹೇಳಿ, ಅವರ ಕೋಣೆ ತೋರಿಸಿದಳು.

ಸೌಜನ್ಯಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಗೋಡೆ ತುಂಬ ಪೆನ್ಸಿಲಿನಲ್ಲಿ ಬರೆದ ಒಂದು ಊರು. ಮೇಲೆ ವಾಟರ್‌ಫರ್ಡ್ ಎಂಬ ಹೆಸರು. ಕೋಟೆ, ನದಿಯ ಕಟ್ಟೆ, ಓಣಿಗಳು. ಒಂದೊಂದು ಮನೆಯ ಮೇಲೂ ಅಲ್ಲಿ ಬಾಳಿದವರ ಹೆಸರು, ಕಸುಬು. ಚಮ್ಮಾರ, ದ್ರಾಕ್ಷಾರಸದ ವ್ಯಾಪಾರಿ, ಸೂಲಗಿತ್ತಿ. ಸತ್ತು ಏಳು ಶತಮಾನವಾದ ಇಡೀ ಓಣಿಯೇ ಅಲ್ಲಿ ಉಸಿರಾಡುತ್ತಿತ್ತು.

ಅಕ್ಷಯಾಳಿಂದ ಲ್ಯಾಬಿನ ವಿಳಾಸ ಪಡೆದು, ಸ್ಯಾನ್ ಡಿಯೆಗೊ ಪೊಲೀಸರಿಗೆ ಫೋನ್ ಮಾಡಿ ಇಬ್ಬರೂ ದಕ್ಷಿಣಕ್ಕೆ ಕಾರು ಓಡಿಸಿದರು. ಲ್ಯಾಬಿನಲ್ಲಿ ನರಹರಿ ಪರದೆಯ ಮುಂದೆ ಕೂತಿದ್ದರು. ಪಕ್ಕದಲ್ಲಿ ಪತ್ರ, ಮೆತ್ತೆಯ ಮೇಲೆ ಮುದ್ರೆ.

“ನರಹರಿ ಅಂಕಲ್, ನಾ ಪೊಲೀಸ್. ಕೈ ಮೇಜಿನ ಮ್ಯಾಲೆ ಇಡ್ರಿ.”

“ಓ, ಕನ್ನಡದವರಾ? ಒಂದು ನಿಮಿಷ ಮಾರಾಯ್ರೆ, ಇದೊಂದು ಮುಗೀಲಿ.”

ಪರದೆಯ ಮೇಲೆ, ನೇರಳಾತೀತ ಬೆಳಕಿನಲ್ಲಿ, ಈಗಿನ ಅಕ್ಷರಗಳ ಅಡಿಯಿಂದ ಬೇರೆ ಅಕ್ಷರಗಳು ಮೇಲೆದ್ದು ಬಂದವು. ಪೆಟ್ರೊನಿಲ್ಲಾ.

“ಮನೆ ಕಟ್ಟಿಸಿದ್ದು ಈ ಹೆಂಗಸು. ಯಾರೋ ಚಾಕುವಿನಲ್ಲಿ ಕೆರೆದು ಗಂಡನ ಹೆಸರು ಬರೆದಿದ್ದಾರೆ. ನನಗೆ ಸಂಶಯ ಇತ್ತು. ಈಗ ಮುದ್ರೆಯ ಹಿಂದೆ ನೋಡಿ.”

ಸೌಜನ್ಯಾ ಬಾಗಿ ನೋಡಿದಳು. ಏಳುನೂರು ವರ್ಷದ ಹಿಂದೆ ಮೆತ್ತಗಿದ್ದ ಮೇಣವನ್ನು ಒತ್ತಿದ ಹೆಬ್ಬೆರಳಿನ ಗುರುತು, ಒಂದು ಗೆರೆಯೂ ಮಾಸದೆ ಹಾಗೇ ಇತ್ತು. ಕೆಲಸಕ್ಕೆ ಸೇರಿದಂದಿನಿಂದ ಬೆರಳಚ್ಚು ನೋಡಿಕೊಂಡೇ ಬಂದವಳು ಅಭ್ಯಾಸದಂತೆ ಗೆರೆಗಳನ್ನು ಎಣಿಸತೊಡಗಿದಳು. ಆ ಹೆಬ್ಬೆರಳನ್ನು ಈಗಷ್ಟೇ ಎತ್ತಿದಂತಿತ್ತು. ರಾಮೋಸ್ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಕಳವು ಅನ್ನೋದು ಗೊತ್ತಿತ್ತಲ್ರೀ?” ಎಂದು ಸೌಜನ್ಯಾ ಕೇಳಿದಳು.

“ಗೊತ್ತುಂಟು. ತಿಜೋರಿಗೆ ಹೋದ್ರೆ ಇವಳನ್ನು ಮತ್ತೆ ಯಾರು ಓದುವುದು?”

ಸೌಜನ್ಯಾ ಪತ್ರ ಜಪ್ತಿ ಮಾಡಿದಳು. ತೆಗೆದ ಚಿತ್ರಗಳನ್ನೂ ಸಾಕ್ಷ್ಯವೆಂದು ವರದಿಗೆ ಸೇರಿಸಿದಳು. ಮೊಕದ್ದಮೆ ನಡೆದಾಗ ಅವು ಎಲ್ಲರೂ ನೋಡಬಹುದಾದ ದಾಖಲೆಯಾಗುತ್ತವೆಂದು ಅವಳಿಗೆ ಗೊತ್ತಿತ್ತು. ಆಮೇಲೆ ಬಂಧನದಲ್ಲಿ ನರಹರಿಯವರಿಗಿರುವ ಹಕ್ಕುಗಳನ್ನು ಓದಿ ಹೇಳಿ ಕೋಳ ತೊಡಿಸಿದಳು.

ಹೇಳಿಕೆಯಲ್ಲಿ ಅವರು ಏನನ್ನೂ ಅಲ್ಲಗಳೆಯಲಿಲ್ಲ. ಹೆಂಡತಿ ನೋರಾಳ ಪೂರ್ವಿಕರು ವಾಟರ್‌ಫರ್ಡಿನವರು. ೨೦೨೦ರಲ್ಲಿ ಕೋವಿಡ್ ಅವಳನ್ನು ಒಯ್ದಿತು; ಆಸ್ಪತ್ರೆಯೊಳಗೆ ಇವರನ್ನು ಬಿಡಲಿಲ್ಲ. ಅವಳ ಮನೆತನವನ್ನಾದರೂ ಹುಡುಕೋಣವೆಂದು ಕೂತರೆ, ಡಬ್ಲಿನ್ನಿನ ದಾಖಲೆಗಳು ೧೯೨೨ರ ಅಂತರ್ಯುದ್ಧದ ಬೆಂಕಿಯಲ್ಲಿ ಸುಟ್ಟುಹೋಗಿದ್ದವು. ಉಳಿದದ್ದು ವಾಟರ್‌ಫರ್ಡಿನ ಸ್ಥಳೀಯ ಕಡತಗಳು. ಅವುಗಳಲ್ಲಿ ನೋರಾಳ ಜನ ಸಿಗಲಿಲ್ಲ, ಬೇರೆಯವರು ಸಿಕ್ಕರು. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಾ, ನರಹರಿ ಪೆಟ್ರೊನಿಲ್ಲಾಳ ಮನೆಯ ಬಾಗಿಲವರೆಗೆ ಬಂದಿದ್ದರು.