ಎಮ್ಮೆ ಹಾಲಿನ ಹದ

"ಇದು ಯಾವ ಹಾಲು ರೀ?"

ಅಂಗೈಯಗಲದ ಪುಟ್ಟ ಕಾರನ್ನು ಕೌಂಟರಿನ ಮೇಲಿಟ್ಟು ದಿಲೀಪ ಕೇಳಿದ. ಬಾನೆಟ್ಟಿನ ತುಂಬ ಕೆಂಪು ಬಣ್ಣ ಮೈಮೇಲೆ ಅಮ್ಮ ಎದ್ದ ಹಾಗೆ ಗುಳ್ಳೆಗುಳ್ಳೆಯಾಗಿ ಕೂತಿತ್ತು.

ಸಹನ ಕಾರನ್ನು ಎತ್ತಿ ನೋಡಿದಳು. ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನ ಹಿಂದಿದ್ದ ಆ ಪೇಂಟ್ ಅಂಗಡಿ ಅವಳ ಸೋದರಮಾವ ಚಲುವಯ್ಯನದು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು ದಿನಾ ಅಕ್ಕಿಹೆಬ್ಬಾಳಿನಿಂದ ಬಂದು ಅಲ್ಲಿ ಬಣ್ಣ ಕಲೆಸುತ್ತಿದ್ದಳು. ನಿನ್ನೆ ಇವನು ಬಂದು, "ಆಟದ ಕಾರಲ್ಲ ಕಣ್ರೀ, ಮಾಡೆಲ್ಲು. ಗಾಳೀಲಿ ಬಣ್ಣ ಚಿಮ್ಮೋ ಏರ್‌ಬ್ರಷ್ಷಲ್ಲಿ ಹೊಡೀಬೇಕು, ಅದರ ತೂತು ಸೂಜಿಮೊನೆಯಷ್ಟು. ಥಿನ್ನರ್ ಹಾಕಿ ಹಾಲಿನ ಹದ ಮಾಡ್ಕೊಡಿ, ಯೂಟ್ಯೂಬಲ್ಲಿ ಅಂಗೇ ಹೇಳವ್ರೆ" ಎಂದಿದ್ದ. ಅವಳು ಹಾಗೇ ಮಾಡಿಕೊಟ್ಟಿದ್ದಳು.

"ನಮ್ಮನೇಲಿ... ಎಮ್ಮೆ ಹಾಲು," ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

ದಿಲೀಪ ಗೋಡೆಗೊರಗಿ ನಕ್ಕ. "ಹೊಸಹೊಳಲು ಡೇರೀಲಿ ದಿನಾ ಹಾಲು ಅಳೆಯೋನು ನಾನು. ಯಾವ ಹಾಲು ಅಂತ ಹೇಳ್ದೆ ಹೋದ್ನಲ್ಲ! ತೆಳ್ಳಗಿರೋ ಸೀಮೆಹಸೀಂದು ಬೇಕಾಗಿತ್ತು ರೀ."

ಅವಳು ಇನ್ನೊಂದು ಲೋಟಕ್ಕೆ ಬಣ್ಣ ಬಗ್ಗಿಸಿ, ಡ್ರಾಪರಿನಿಂದ ಹನಿಹನಿಯಾಗಿ ಥಿನ್ನರ್ ಬಿಟ್ಟು ಕಲಕಿದಳು. ಲೋಟ ಓರೆ ಮಾಡಿದರೆ ಬಣ್ಣ ಅದರ ಒಳಮೈಯುದ್ದಕ್ಕೂ ಜಾರಿ, ಹಿಂದೆ ತೆಳ್ಳನೆಯ ಪೊರೆ ಉಳಿಯಬೇಕು. ಅವನು ಬಗ್ಗಿ ಆ ಪೊರೆಯನ್ನು ನೋಡುತ್ತಿದ್ದ. ಅವಳು ಅವನ ರೆಪ್ಪೆಗಳನ್ನು ನೋಡುತ್ತಿದ್ದಳು.

ಅಲ್ಲಿಂದ ಮುಂದೆ ಮಧ್ಯಾಹ್ನ ಡೇರಿಗೆ ಬಿಡುವಾದಾಗಲೆಲ್ಲ ಅವನು ಬರತೊಡಗಿದ. ಏರ್‌ಬ್ರಷ್ಷನ್ನೂ ತಂದು, ಅವಳು ಕಲೆಸಿದ್ದನ್ನು ಅಲ್ಲೇ ರಟ್ಟಿನ ಮೇಲೆ ಹೊಡೆದು ನೋಡುತ್ತಿದ್ದ. "ಏನ್ ಎಮ್ಮೆ ಯಜಮಾನ್ತಿ, ಇವತ್ತು ಯಾವ ಹದ?" ಎನ್ನುತ್ತಿದ್ದ. ಅವಳು ತುಟಿ ಕಚ್ಚಿಕೊಂಡು ಡಬ್ಬಿಗಳ ಕಡೆ ತಿರುಗುತ್ತಿದ್ದಳು. ಉತ್ತರ ಹೊಳೆಯುವುದು ಸಂಜೆ ಬಸ್ಸಿನಲ್ಲಿ.

ಅಷ್ಟರಲ್ಲಿ ನಾಗಮಂಗಲದಿಂದ ಹೆಣ್ಣು ನೋಡಲು ಬಂದರು. ಕೇಸರಿಬಾತು ತಿಂದರು, ಒಪ್ಪಿದರು. ಅಪ್ಪ ಮಾತು ಕೊಟ್ಟರು. ಸೋಮವಾರದಿಂದ ಅಂಗಡಿ ಬೇಡ ಎಂದರು. ಸಹನ ತಟ್ಟೆಗಳನ್ನು ಎತ್ತಿ ತೊಳೆದಳು. ಬೇಡ ಎನ್ನಲು ಯಾವ ನೆಪ ಹೇಳುವುದು? ದಿಲೀಪ ತನಗೇನಾಗಬೇಕು? ಒಂದು ಲೋಟ ಬಣ್ಣ ಕೊಳ್ಳುವವನು, ಅಷ್ಟೇ.

ಶನಿವಾರ ಚಲುವಯ್ಯ ಟೀಗೆ ಹೋಗಿದ್ದಾಗ ದಿಲೀಪ ನೀಲಿ ಬಣ್ಣ ಕೇಳಿಕೊಂಡು ಬಂದ.

"ಸೋಮವಾರದಿಂದ ನಾನು ಬರಲ್ಲ," ಎಂದಳು.

"ಯಾಕೆ, ಹುಷಾರಿಲ್ವಾ?"

"ನಾಗಮಂಗಲದೋರು ಒಪ್ಪವ್ರೆ."

ಅವನ ನಗು ಅರ್ಧಕ್ಕೇ ನಿಂತಿತು. ಕೌಂಟರಿನ ಮೇಲಿದ್ದ ಲೋಟವನ್ನು ತನ್ನ ಕಡೆಗೆ ಎಳೆದುಕೊಂಡ. "ಅಂಗಾರೆ ಹದ ಹೇಳ್ಕೊಟ್ಟೋಗಿ," ಎಂದ.

ಇಷ್ಟೇನಾ? ಅವಳು ಲೋಟಕ್ಕೆ ನೀಲಿ ಬಣ್ಣ ಬಗ್ಗಿಸಿದಳು. ಡ್ರಾಪರನ್ನು ಅವನ ಕೈಗಿತ್ತಳು. "ಹನಿಹನಿಯಾಗಿ ಬುಡಿ."

ಅವನು ಬಿಟ್ಟ. ಥಿನ್ನರ್ ಧಾರೆಯಾಗಿ ಸುರಿದು ಬಣ್ಣ ನೀರುನೀರಾಯಿತು. ಇನ್ನೊಂದು ಲೋಟ. ಅದೂ ಕೆಟ್ಟಿತು. ಆಗ ಅವಳು ಕಂಡಳು: ಡ್ರಾಪರನ್ನು ಅವನು ಮುಷ್ಟಿಯಲ್ಲಿ ಹಿಸುಕಿ ಹಿಡಿದಿದ್ದ.

"ನಿಮ್ಗೆ ಒಪ್ಗೆನಾ?" ತಲೆಯೆತ್ತದೆ ಕೇಳಿದ.

"ನನ್ನ ಯಾರೂ ಕೇಳ್ಲಿಲ್ಲ."

"ನಾನು ಕೇಳ್ತಾ ಇವ್ನಿ."

ಸಹನ ಕೆಟ್ಟ ಲೋಟವನ್ನು ಕೈಗೆತ್ತಿಕೊಂಡು ನಿಂತಳು. ಅಷ್ಟರಲ್ಲಿ ಚಲುವಯ್ಯ ಹೆಗಲ ಟವೆಲ್ಲಿನಿಂದ ಬಾಯೊರೆಸಿಕೊಳ್ಳುತ್ತ ಒಳಗೆ ಬಂದ.

"ಏನವ್ವಾ, ಅಂಗ್ಯಾಕೆ ನಿಂತಿದ್ದೀಯ?"

"ಮಾವ, ನಂಗೆ ನಾಗಮಂಗಲದೋರು ಬ್ಯಾಡ."

ಬೀದಿಯಲ್ಲಿ ಯಾರೋ ಆಡಿದ ಮಾತಿನಂತೆ ಅವಳಿಗೇ ಅದು ಕೇಳಿಸಿತು.

"ನಿಮ್ಮಪ್ಪ ಮಾತು ಕೊಟ್ಟವ್ನೆ ಕಣವ್ವ! ಮತ್ಯಾರು ಬೇಕು?"

ಅವಳು ದಿಲೀಪನ ಕಡೆ ತಿರುಗಿದಳು. ಅವನ ಕೈಯ ಡ್ರಾಪರಿನಿಂದ ಥಿನ್ನರ್ ತೊಟ್ಟುತೊಟ್ಟಾಗಿ ಅವನ ಅಂಗಿಯ ಮೇಲೇ ಬೀಳುತ್ತಿತ್ತು. ಚಲುವಯ್ಯ ಅದನ್ನು ನೋಡಿದ. ಸೋದರಸೊಸೆಯ ಮುಖ ನೋಡಿದ.

"ಲೇ, ನಿನ್ನೇ ಕಣ್ಲಾ! ಹಾಲಿಗೆ ನೀರು ಹಾಕ್ದೋರ್ನ ಊರಿಗೆಲ್ಲ ಕೇಳಂಗೆ ಬಯ್ತೀಯ. ಇಲ್ಲಿ ಬಾಯಿ ಬಿದ್ದೋಯ್ತಾ?"

"ಮದ್ವೆ ಆಯ್ತೀನಿ ಚಲುವಣ್ಣ," ಎಂದು ದಿಲೀಪನ ಬಾಯಿಂದ ಒಂದೇ ಉಸಿರಿಗೆ ಬಂತು. "ಇವ್ರು ಊಂ ಅಂದ್ರೆ."

ಚಲುವಯ್ಯ ಡಿಸ್ಟೆಂಪರ್ ಬಕೆಟ್ಟಿನ ಮೇಲೆ ದೊಪ್ಪನೆ ಕೂತ. "ನಿಮ್ಮಪ್ಪಂಗೆ ನಾನೇನಂತ ಹೇಳ್ಲವ್ವಾ?" ಎಂದು ಹಣೆ ಹಿಡಿದುಕೊಂಡ.

ಸಹನ ಕೌಂಟರಿನ ಹಲಗೆ ಎತ್ತಿ ಈಚೆ ಬಂದಳು. ದಿಲೀಪನ ಪಕ್ಕ, ಅವನ ಅಂಗಿಯ ಥಿನ್ನರ್ ವಾಸನೆ ಬಡಿಯುವಷ್ಟು ಹತ್ತಿರ ನಿಂತಳು.

"ನಾನೇ ಹೇಳ್ತೀನಿ ಮಾವ. ನೀನು ಜೊತೇಲಿರು, ಸಾಕು."